ಸುಣ್ಣ ಹಾಕಿದ ದೋಣಿ

ಹಿಮ್ಮಡಿ ತಣ್ಣಗಾಯಿತು, ಎಡಗಾಲಿನದು, ಬೆವರಿರಬೇಕು, ಬೆವರು ಇಷ್ಟು ತಣ್ಣಗಿರುತ್ತದೆಯೇ, ಕೆಳಗೆ ನೋಡಬೇಡ ಕವಿತಾ, ನೀನು ನೋಡಿದರೆ ಅವನೂ ನೋಡುತ್ತಾನೆ, ಎದುರಿಗೇ ಕೂತಿದ್ದಾನೆ ನರೇಂದ್ರ, ಕಟ್ಟಿಕೊಂಡ ಗಂಡ, ಸೋದರತ್ತೆಯ ಮಗ, ಚಿಕ್ಕಂದಿನಿಂದ ಏಕವಚನವೇ, ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದುಕೊಂಡಿದ್ದಾನೆ, ಮದುವೆ ಮಂಟಪದಲ್ಲೂ ಇಷ್ಟು ಬಿಗಿಯಾಗಿ ಕೂತಿರಲಿಲ್ಲ ಮಹರಾಯ — ಮೂವತ್ತು ವರ್ಷ ಬೋರ್‌ವೆಲ್ ಕೊರೆದವನು, ಸಾವಿರದಿನ್ನೂರು ಅಡಿ ಕೆಳಗೆ ನೀರಿದೆಯೋ ಇಲ್ಲವೋ ಅಂತ ಮೇಲೆ ಬರುವ ದೂಳನ್ನು ಮೂಸಿ ಹೇಳುವವನು, ಈಜು ಮಾತ್ರ ಬಾರದು, ಅವನ ಪಾದದಿಂದ ನಾಲ್ಕು ಗೇಣು ಆಚೆ ನನ್ನ ಹಿಮ್ಮಡಿಯ ಕೆಳಗೆ ನೀರು ಜಿನುಗುತ್ತಿರುವುದು ಅವನಿಗಿನ್ನೂ ಗೊತ್ತಿಲ್ಲ, ಗೊತ್ತಾಗಬಾರದು, ಇನ್ನು ಇಪ್ಪತ್ತೆರಡು ನಿಮಿಷ. ಕೆರೆ ಏರಿಯ ಮೇಲೆ ಮಾವ, ಮುನಿಶಾಮಪ್ಪನವರು, ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡು ನಿಂತಿದ್ದಾರೆ, ಹಿಂದೆ ಅರ್ಧ ಊರು, ಅದರ ಹಿಂದೆ ಅಂಬಾಜಿದುರ್ಗದ ಬೆಟ್ಟ, ಮುರುಗಮಲ್ಲಕ್ಕೆ ಹೋಗುವ ಬಸ್ಸು ಕೂಡ ನಿಂತುಬಿಟ್ಟಿದೆ, ಕಿಟಕಿಯ ತುಂಬ ತಲೆಗಳು, ನೋಡಿ ನೋಡಿ, ಪುಕ್ಕಟೆ, ನಮ್ಮ ಕಡೆ ಕೆರೆಯಲ್ಲಿ ಹಾಯಿದೋಣಿ ಯಾವ ಕಾಲದಲ್ಲಿ ನೋಡಿದ್ದೀರಿ. ಈ ಒಂದು ಗಂಟೆಯ ಷರತ್ತು ಹಾಕಿದವನು ನರೇಂದ್ರನೇ, ಯುಗಾದಿಯ ದಿನ, ಹೋಳಿಗೆ ತಿನ್ನುತ್ತಾ, ಒಂದ್ ಗಂಟೆ ನಮ್ಮ ಕೆರೇಲಿ ತೇಲ್ಸಿ ತೋರ್ಸು ಕಣೇ, ಲಾರಿ ಮಾರಿ ನಿನ್ ಜೊತೆ ಸಮುದ್ರಕ್ಕೆ ಬರ್ತೀನಿ, ತೇಲ್ಲಿಲ್ಲಾಂದ್ರೆ ಅದನ್ನ ಸೌದೆ ಡಿಪೋಗೆ ಹಾಕಣ, ಆಮೇಲೆ ಸಮುದ್ರ ಅನ್ನೋ ಮಾತು ಈ ಮನೇಲಿ ಎತ್ಬಾರ್ದು. ಎತ್ತಲ್ಲ ಹೋಗೋ ಅಂದೆ. ದೊಡ್ಡ ಧೈರ್ಯಸ್ಥೆಯ ಹಾಗೆ ಅಂದೆ.

ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಪಾಠ, ನೀಲಿ ಸೀಮೆಸುಣ್ಣದಲ್ಲಿ ಅರಬ್ಬಿ ಸಮುದ್ರ ಬರೆಯುವುದು, ಗಂಟೆ ಹೊಡೆದಾಗ ಒರೆಸುವುದು, ಮೂಗಿನ ತುಂಬ ನೀಲಿ ಪುಡಿ, ನೆಗಡಿಯಾದರೆ ಕರ್ಚೀಫು ನೀಲಿ, ಒಂದು ಸಲವೂ ಕಣ್ಣಾರೆ ನೋಡಿಲ್ಲದ ಸಮುದ್ರವನ್ನು ಅಷ್ಟು ಗತ್ತಿನಿಂದ ಪಾಠ ಮಾಡಿದೆನಲ್ಲ, ನಾಚಿಕೆಯಾಗಬೇಕು. ನಲವತ್ತೊಂಬತ್ತನೇ ವಯಸ್ಸಿನಲ್ಲಿ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೊನ್ನಾವರಕ್ಕೆ ಹೋದೆ, ಶರಾವತಿ ಹೋಗಿ ಸಮುದ್ರಕ್ಕೆ ಸೇರುವ ಜಾಗ, ಮಕ್ಕಳೆಲ್ಲ ಐಸ್‌ಕ್ರೀಮ್ ಅಂಗಡಿಯ ಕಡೆ, ನಾನೊಬ್ಬಳೇ ನಿಂತುಕೊಂಡು ಅತ್ತೆ, ಯಾಕೆ ಅತ್ತೆನೋ, ಇಷ್ಟು ದಿನ ಎಲ್ಲಿದ್ದೆ ಅಂತ ಅದನ್ನು ಬೈಯಬೇಕು ಅನ್ನಿಸಿತು — ಅಲ್ಲೇ ದಡದಲ್ಲಿ ಈ ದೋಣಿ, ಕಂಬಕ್ಕೆ ಕಟ್ಟಿದ ತಗಡಿನ ಮೇಲೆ ಮಾರಾಟಕ್ಕಿದೆ ಅಂತ ಬರೆದಿತ್ತು, ಇಬ್ಬರು ಮಲಗುವಷ್ಟು ಪುಟ್ಟ ಕೋಣೆ, ಒಂದು ಸ್ಟವ್ ಇಡುವ ಮೂಲೆ, ಅಷ್ಟೇ ಸಂಸಾರ. ಮರುವರ್ಷ ಕೊಳ್ಳುವುದಕ್ಕೆ ಹೋದಾಗ ಮಾರುವ ಮುದುಕ, ಹಡಗಿನಲ್ಲಿ ಎಂಜಿನಿಯರಾಗಿದ್ದವನು, ಮಂಡಿ ಹೋಗಿದೆ, ದೋಣಿಯ ಮೈ ಸವರುತ್ತಾ ಹೇಳಿದ್ದ, ಇದು ಬಾಯಾರ್ಬಾರ್ದು ಅಮ್ಮಾ, ಮಳೆಗಾಲ ಮುಗಿದು ನೀರಿಗೆ ಇಳ್ಸುವಾಗ ನಾವು ಮೂರು ದಿವಸ ಹೊಳೆಯಲ್ಲೇ ಮುಳುಗ್ಸಿ ಇಡ್ತೇವೆ, ಆಮೇಲೆ ನೀರು ಚೆಲ್ಲಿ ಹತ್ತುವುದು. ನಾನು ತಲೆಯಾಡಿಸಿದೆ. ನಮ್ಮ ಕಡೆ ಹೊಸ ಟ್ರಾಕ್ಟರಿನ ಚಕ್ರಕ್ಕೆ ನಿಂಬೆಹಣ್ಣು ಇಡುತ್ತಾರಲ್ಲ, ಅಂಥದೇ ಏನೋ ಅವರ ಕಡೆಯ ಶಾಸ್ತ್ರ ಅಂದುಕೊಂಡೆ, ಕೊಳ್ಳುವ ಸಂಭ್ರಮದಲ್ಲಿ ಕಿವಿ ಎಲ್ಲಿತ್ತು. ನರೇಂದ್ರ ಟೈರು ಒದ್ದು ನೋಡುವವನ ಹಾಗೆ ದೋಣಿಗೆ ಎರಡು ಸಲ ಒದ್ದು ನೋಡಿ, ಮನೆ ಹತ್ರ ಇದ್ರೆ ತಾನೆ ರಿಪೇರಿ ಆಗೋದು, ಅಂತ ತನ್ನ ಲಾರಿಯಲ್ಲೇ ಹೇರಿಕೊಂಡು ಬಂದ. ಊರಲ್ಲಿ ಅಷ್ಟು ಅಗಲದ ಬಾಗಿಲು ಇದ್ದದ್ದು ನಮ್ಮ ಹುಳುಮನೆಗೆ ಮಾತ್ರ, ರೇಷ್ಮೆ ಹುಳು ಮೇಯಿಸುವುದು ಬಿಟ್ಟು ಮೂರು ವರ್ಷ ಆಗಿತ್ತು, ಬಣ್ಣಕ್ಕೂ ರಿಪೇರಿಗೂ ಅಂತ ಹನ್ನೊಂದು ತಿಂಗಳು ಅಲ್ಲೇ ಇಟ್ಟೆವು. ಮಾವ ಒಳಗೆ ಇಣುಕಿ ನೋಡಿ, ಏಮಮ್ಮಾ ಟೀಚರಮ್ಮಾ, ಇಷ್ಟು ತೇವ ಇದ್ರೆ ಹುಳಾನೇ ಉಳಿಯಲ್ಲ, ಮರ ಉಳಿಯುತ್ತಾ, ಅಂದರು. ನನಗೂ ಹೌದಲ್ಲ ಅನ್ನಿಸಿತು, ರೇಷ್ಮೆ ಮನೆಯಲ್ಲೇ ಹುಟ್ಟಿದವಳು, ತೇವ ಅಂದರೆ ರೋಗ, ಒಂದು ತಟ್ಟೆಗೆ ತೇವ ಹತ್ತಿದರೆ ಇಡೀ ಬೆಳೆ ತಿಪ್ಪೆಗೆ, ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವಾಗ, ಮೇಲೆ ಸುಣ್ಣದ ಪುಡಿ ಉದುರಿಸುವುದನ್ನು ಲಂಗ ಹಾಕುವ ವಯಸ್ಸಿನಲ್ಲೇ ಕಲಿತವಳು. ಹಾಕಿದೆ ಸುಣ್ಣ, ದೋಣಿಯ ಒಳಗೆಲ್ಲ, ತೇವ ಹೀರಲಿ ಅಂತ. ಪ್ರತಿ ಭಾನುವಾರ ಹಳೇ ಸುಣ್ಣ ಗುಡಿಸಿ ಹೊಸದು, ಮಾಗಿಯಲ್ಲಿ ಇದ್ದಿಲ ಒಲೆ ಕೂಡ ಇಟ್ಟೆ, ಬಾಣಂತಿಗೂ ಅಷ್ಟು ಆರೈಕೆ ಮಾಡಲಿಕ್ಕಿಲ್ಲ, ಕೈಯಿಟ್ಟರೆ ಹಪ್ಪಳದಷ್ಟು ಗರಿಗರಿ, ಮಾವನಿಗೆ ತೋರಿಸಿ ಹೊಗಳಿಸಿಕೊಂಡೆ.

ಗೆರೆ ಕಂಡದ್ದು ಹದಿನೈದು ದಿನದ ಹಿಂದೆ. ಮಧ್ಯಾಹ್ನ ಹುಳುಮನೆಯ ಕತ್ತಲಲ್ಲಿ ದೋಣಿಯ ಅಡಿಗೆ ಬಣ್ಣ ಬಳಿಯುವುದಕ್ಕೆ ಅಂಗಾತ ಮಲಗಿದ್ದೇನೆ, ಮಾಡಿನ ತಗಡು ಒಂದು ಸರಿದಿದೆ, ಬಿಸಿಲು ದೋಣಿಯೊಳಗೆ ಬಿದ್ದು ಎರಡು ಹಲಗೆಯ ನಡುವೆ ಇಳಿದು ನನ್ನ ಮುಖದ ಮೇಲೆ, ಒಂದು ಗೆರೆ, ಬೆಳಕಿನದು, ಚಾಪೆಯಷ್ಟು ಉದ್ದ, ತೆಳ್ಳಗೆ, ಸುಣ್ಣದ ಪುಡಿ ಅದರೊಳಗೆ ಮೇಲೆ ಕೆಳಗೆ ಆಡುತ್ತಿದೆ, ಎಷ್ಟು ಚೆನ್ನಾಗಿದೆ ಅಂತ ನೋಡುತ್ತಾ ಮಲಗಿದ್ದೆ, ದಡ್ಡಿ, ಬೆಳಕು ಬರುವ ಕಡೆ ನೀರು ಬರುವುದಿಲ್ಲವೇ ಅಂತ ಹೊಳೆಯುವುದಕ್ಕೆ ಐದು ನಿಮಿಷ ಬೇಕಾಯಿತು. ಎದ್ದು ಬಾಗಿಲು ಹಾಕಿದೆ. ಯಾರಿಗೂ ಹೇಳಲಿಲ್ಲ. ಹಳೇ ಹತ್ತಿ ಸೀರೆಯ ಸೆರಗು ಹರಿದು ಬತ್ತಿ ಹೊಸೆದು ತುರುಕಿದೆ, ಮೇಣದ ಬತ್ತಿ ಕರಗಿಸಿ ಸುರಿದೆ, ಮೇಲೆ ನೀಲಿ ಬಣ್ಣ, ಹೊನ್ನಾವರದ ಮುದುಕನಿಗೆ ಫೋನ್ ಮಾಡಿದೆ, ಎತ್ತಲಿಲ್ಲ, ಮತ್ತೆ ಮಾಡಲಿಲ್ಲ, ಎತ್ತಿದ್ದರೆ ಹೇಳಬೇಕಿತ್ತಲ್ಲ, ಹೇಳಿದ್ದರೆ ನಿಜ ಆಗಿಬಿಡುತ್ತಿತ್ತಲ್ಲ. ಅಷ್ಟು ಹೊತ್ತಿಗೆ ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿತ್ತು, ಇನ್ನೂ ಎಂಟು ವರ್ಷ ಸರ್ವೀಸ್ ಇಟ್ಟುಕೊಂಡು ಯಾರಮ್ಮಾ ಬಿಡ್ತಾರೆ ಅಂತ ಹೆಡ್‌ಮೇಷ್ಟ್ರು ಕೇಳಿದ್ದರು, ಬೀರುವಿನ ಸೀರೆಯನ್ನೆಲ್ಲ ಹಂಚಿ ಒಂದು ಚೀಲಕ್ಕೆ ಇಳಿದಾಗಿತ್ತು, ಹುರಿಹಿಟ್ಟು, ರಾಗಿ ಹಪ್ಪಳ, ಮಾವಿನ ಉಪ್ಪಿನಕಾಯಿ, ಕುಡಿಯುವ ನೀರಿಗೆ ಹತ್ತು ಕ್ಯಾನು, ಮೊದಲು ಹೊನ್ನಾವರದಿಂದ ಮಂಗಳೂರು, ಕೈ ಕುದುರಿದ ಮೇಲೆ ಕೊಚ್ಚಿ, ಒಂದೊಂದು ಬಂದರಿಗೆ ಒಂದೊಂದು ತಿಂಗಳು. ಹೋದ ವಾರ ಗಂಟು ಹಾಕುವುದನ್ನು ಮೊಬೈಲ್ ನೋಡಿ ಬಾಗಿಲ ಚಿಲಕದ ಮೇಲೆ ಕಲಿತೆ, ನರೇಂದ್ರ ನಕ್ಕ, ಚಿಲಕ ಓಡಿಹೋಗ್ತಾ ಇದ್ಯೇನೇ, ಅಂದ, ಮಾರನೇ ದಿನ ನೋಡಿದರೆ ಎಮ್ಮೆಯನ್ನು ಅದೇ ಗಂಟಿನಲ್ಲಿ ಕಟ್ಟಿದ್ದಾನೆ, ಬಿಚ್ಚುವುದಕ್ಕೆ ಬಾರದೆ ಮಾವ ಹಗ್ಗ ಕುಯ್ದರು. ಆವತ್ತು ಹೇಳಬೇಕಿತ್ತು. ಆವತ್ತು ಅವನ ಮುಖ ನೋಡಿ ಬಾಯಿ ಬರಲಿಲ್ಲ.

ಹನ್ನೆರಡು ನಿಮಿಷಾ, ಅಂತ ಮಾವ ಕೂಗುತ್ತಾರೆ, ಬೆಟ್ಟದ ಕಡೆಯಿಂದ ಗಾಳಿ ಬಂತು, ಹಾಯಿ ಫಟ್ ಅಂತ ಹೊಟ್ಟೆ ಉಬ್ಬಿಸಿತು, ಏರಿಯ ಮೇಲೆ ಶಿಳ್ಳೆ, ಹಲಗೆಯ ಕೆಳಗೆ ಗುಳಕ್ ಅಂದದ್ದು ನನಗೆ ಮಾತ್ರ ಕೇಳಿತು, ಪಾದ ಊರಿ ಒತ್ತಿದರೆ ಇನ್ನೂ ಜೋರು, ಮೇಣ ಬಿಟ್ಟಿದೆ, ಬತ್ತಿ ಒಂದೇ ಹಿಡಿದಿರುವುದು, ಹಿಡಿ, ಹಿಡಿಯೇ ನಮ್ಮಮ್ಮ, ಇನ್ನು ಹನ್ನೆರಡೇ. ಈಜು ನನಗೆ ಬರುತ್ತದೆ, ತವರಿನ ಬಾವಿಯಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿ ಅಪ್ಪ ಕಲಿಸಿದ್ದ, ಇವನಿಗೆ ಬಾರದು, ಇಲ್ಲಿ ಎರಡಾಳು ಆಳ, ನಾನೇನು ಮಾಡುತ್ತಿದ್ದೇನೆ, ಥೂ. ನರೇಂದ್ರ ಒಂದು ಕೈ ಬಿಟ್ಟ. ನೀರಿಗೆ ಇಳಿಬಿಟ್ಟ, ಬೆರಳಿನ ನಡುವೆ ನೀರು ಸೀಳಿಕೊಂಡು ಹೋಗುವುದನ್ನು ನೋಡುತ್ತಿದ್ದಾನೆ, ಮೂವತ್ತು ವರ್ಷ ನೆಲ ತೂತು ಮಾಡಿ ಮಾಡಿ, ಎಷ್ಟೋ ಕಡೆ ಬರೀ ದೂಳು ತಿಂದು ಬಂದವನು, ಅವನ ಮುಖ ಹೀಗೆ ಬಿಚ್ಚಿಕೊಂಡದ್ದು ನಾನು ನೋಡಿಯೇ ಇರಲಿಲ್ಲ — ಕವಿತಾ, ನಾನ್ ಬರ್ತೀನಿ ಕಣೇ. ಗಂಟೆ ಇನ್ನೂ ಆಗಿಲ್ವಲ್ಲೋ. ಗಂಟೆಗೆ ಬೆಂಕಿ ಹಾಕು, ಬರ್ತೀನಿ, ಹೋಗಣ, ನೀನ್ ರಿಪೇರಿ ಮಾಡಿದ್ದೀಯ ಅಂದ್ಮೇಲೆ ಇನ್ನೇನ್ ನೋಡೋದು. ಅಯ್ಯೋ ದೇವರೇ, ಇದನ್ನು ಕೇಳುವುದಕ್ಕೆ ಮೂರು ವರ್ಷ ಕಾದೆ, ಕೇಳಿದ ಮೇಲೆ ಅವನ ಮುಖ ನೋಡಲಾರದೆ ಹಾಯಿಯ ಕಡೆ ನೋಡುತ್ತೇನೆ. ಬಾಯಾರ್ಬಾರ್ದು. ಯಾರು ಅಂದದ್ದು, ಮುದುಕ, ಬಾಯಾರ್ಬಾರ್ದು ಅಮ್ಮಾ, ಮೂರು ದಿವಸ ಮುಳುಗ್ಸಿ ಇಡ್ತೇವೆ — ಶಾಸ್ತ್ರ ಅಲ್ಲ ಅದು, ಪೂಜೆ ಅಲ್ಲ, ಬಾಗಿಲು ಮಳೆಗಾಲದಲ್ಲಿ ಊದಿ ಬಿಗಿಯಾಗುವುದಿಲ್ಲವೇ, ಬೇಸಿಗೆಯಲ್ಲಿ ಸಡಿಲ, ಹಲಗೆಗೂ ಹಾಗೇ, ನೀರು ಕುಡಿದರೆ ಊದಿ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ, ಒಣಗಿದರೆ ಬಿಟ್ಟುಕೊಳ್ಳುತ್ತದೆ, ಹುಳುವಿಗೆ ತೇವ ವಿಷ, ದೋಣಿಗೆ ತೇವವೇ ಊಟ, ಹನ್ನೊಂದು ತಿಂಗಳು ಭಾನುವಾರ ತಪ್ಪದೆ ಸುಣ್ಣ ಹಾಕಿ ಅದರ ಬಾಯಿ ಒಣಗಿಸಿದವಳು ನಾನು, ಗೆರೆ ಕೊರೆದವಳು ನಾನೇ.

ಚುಕ್ಕಾಣಿ ತಿರುಗಿಸುತ್ತೇನೆ, ಜೊಂಡಿನ ಕಡೆ, ಅಲ್ಲಿ ಎದೆಮಟ್ಟ ಅಷ್ಟೇ, ಎಲ್ಲಿಗೇ, ಅನ್ನುತ್ತಾನೆ, ಸುಮ್ನಿರು, ಕಾಲು ತೆಗೆದು ಹಾಸುಹಲಗೆ ಎತ್ತುತ್ತೇನೆ, ನೋಡು. ನೀರು ಪಾದ ಮುಳುಗುವಷ್ಟು ಆಗಿದೆ, ಸುಣ್ಣ ಕರಗಿ ಹಾಲಿನಂತೆ ಬೆಳ್ಳಗೆ, ಅದರೊಳಗೆ ಸೀರೆಯ ಬತ್ತಿ, ಕೆಂಪು ಅಂಚಿನದು, ಗೃಹಪ್ರವೇಶಕ್ಕೆ ಅವನೇ ತಂದ ಸೀರೆ, ಗುರುತು ಹಿಡಿದ. ಹೇಳುತ್ತೇನೆ, ಒಂದೇ ಉಸಿರಿಗೆ, ಸುಣ್ಣ, ಬೆಳಕು, ಮೇಣ, ಮುದುಕ, ಮೂರು ದಿನ ಮುಳುಗಿಸಬೇಕು ಕಣೋ, ಊದಿದರೆ ಮುಚ್ಚಿಕೊಳ್ಳುತ್ತೆ. ಅವನು ದೋಣಿಯ ಮಾತೇ ಎತ್ತಲಿಲ್ಲ. ಯಾವತ್ತಿಂದ ಗೊತ್ತು ನಿಂಗೆ. ಹದಿನೈದು ದಿನ. ಹದಿನೈದು ದಿನ, ಅಂದ, ನನ್ನನ್ನ ಕೂರಿಸ್ಕೊಂಡ್ ಬಂದ್ಯಲ್ಲೇ. ಅಷ್ಟೇ ಅಂದ. ಬೈದಿದ್ದರೆ, ಕೆನ್ನೆಗೆ ಹೊಡೆದಿದ್ದರೆ ಕೂಡ ಎಷ್ಟೋ ವಾಸಿ ಇತ್ತು. ನಾನು ಹೆದರಿಬಿಟ್ಟಿದ್ದೆ ಕಣೋ, ತೇಲಲಿಲ್ಲ ಅಂದರೆ ನಾನು ಅದೇ ಅಡುಗೆಮನೆ, ಅದೇ ಕಿಟಕಿ, ಸತ್ತುಹೋಗ್ತೀನಿ ಅನ್ನಿಸ್ತಿತ್ತು. ಇಳಿ, ಇಲ್ಲಿ ಕಾಲು ಸಿಗುತ್ತೆ, ನಡೆದು ದಡಕ್ಕೆ ಹೋಗು, ನಾನೊಬ್ಬಳೇ ಮುಳುಗಿಸ್ತೀನಿ, ಅಂದೆ. ಅವನು ಏಳಲಿಲ್ಲ. ನಾನು ಬಗ್ಗಿ ಬತ್ತಿಯ ತುದಿ ಹಿಡಿದು ಎಳೆದೆ, ಸರ್ರನೆ ಬಂತು, ಉದ್ದಕ್ಕೆ, ಬೆಳಕು ಬಂದ ಜಾಗದಿಂದಲೇ ನೀರು, ಅಷ್ಟೇ ಉದ್ದ, ಅಷ್ಟೇ ತೆಳ್ಳಗೆ, ಎದ್ದು ನಿಂತ ಹಾಳೆಯ ಹಾಗೆ. ಆಯ್ತೂ, ಅಂತ ಮಾವ ಏರಿಯಿಂದ ಕೂಗಿದರು, ಒಂದ್ ಗಂಟೆ ಆಯ್ತಮ್ಮಾ, ಗೆದ್ದೆ ಕಣಮ್ಮಾ, ಗೆದ್ದೆ. ಚಪ್ಪಾಳೆ, ಬಸ್ಸಿನವನು ಹಾರ್ನ್ ಹೊಡೆದ, ನೀರು ಮೊಣಕಾಲಿಗೆ ಬಂತು. ಆಮೇಲೆ ಒಬ್ಬೊಬ್ಬರೇ ಸುಮ್ಮನಾದರು, ಏಯ್ ಮುಳುಗ್ತಾ ಐತಲ್ರೋ, ಯಾರೋ ಓಡಿ ಬಂದು ನೀರಿಗೆ ಬಿದ್ದರು, ನರೇಂದ್ರ ಕೈ ಎತ್ತಿ ಬೇಡ ಅಂತ ಸನ್ನೆ ಮಾಡಿದ.

ತಳ ಕೆಸರಿಗೆ ಕೂತಿತು, ಮೆತ್ತಗೆ, ಒಂದು ಸಲ ವಾಲಿ ನೆಟ್ಟಗಾಯಿತು. ಸೊಂಟದವರೆಗೆ ನೀರು, ಇಬ್ಬರೂ ಕೂತಲ್ಲೇ ಕೂತಿದ್ದೇವೆ, ಎದುರುಬದುರು, ಹುರಿಹಿಟ್ಟಿನ ಡಬ್ಬ ಒಂದು ನಮ್ಮ ನಡುವೆ ತೇಲುತ್ತಿದೆ, ಈಜು ಬಾರದವನು ಇಳಿದು ಹೋಗಬಹುದಿತ್ತು, ಹೋಗಿಲ್ಲ, ಯಾಕೆ ಹೋಗಿಲ್ಲ ಅಂತ ಕೇಳುವುದಕ್ಕೆ ಭಯ, ಏರಿಯ ಮೇಲೆ ಮಾವ ಗಡಿಯಾರವನ್ನು ಕೈಗೆ ಕಟ್ಟಿಕೊಳ್ಳುತ್ತಿದ್ದಾರೆ. ಮೂರು ದಿನಾನಾ, ಅಂದ. ಮೂರು ದಿನ. ಜೊಂಡಿನ ಕಡೆ ನೋಡುತ್ತಾ, ಮೂರು ದಿನ ಆದ್ಮೇಲೆ ಹೇಳ್ತೀನಿ, ಅಂದ. ಬರ್ತೀನಿ ಅಂದಿದ್ದನ್ನು ವಾಪಸ್ ತೆಗೆದುಕೊಂಡ, ಬರಲ್ಲ ಅಂತಲೂ ಅನ್ನಲಿಲ್ಲ, ಕೇಳುವ ಬಾಯಿ ನನಗೆಲ್ಲಿದೆ. ನೀರಿನೊಳಗೆ ಕಾಲು ಚಾಚಿ ಹೆಬ್ಬೆರಳಿನಲ್ಲಿ ತಡಕುತ್ತೇನೆ, ಹಲಗೆ, ಜಾರು, ಸುಣ್ಣದ ಗಸಿ, ಇಲ್ಲಿದೆ, ಗೆರೆ, ಉಗುರು ಹೋಗುವಷ್ಟು, ಈಗಲೇ ಮುಚ್ಚುವುದಿಲ್ಲ ಅಂತ ಗೊತ್ತು, ಗೊತ್ತಿದ್ದೂ ಈ ತುದಿಯಿಂದ ಆ ತುದಿಗೆ ತಡವುತ್ತೇನೆ, ಅಷ್ಟೇ ಇದೆ, ಮತ್ತೆ ಈ ತುದಿಗೆ, ಗೆರೆ, ಅಷ್ಟೇ ಇದೆ, ಗೆರೆ —