ಸಡಿಲ ತೋಳಿನ ರವಿಕೆ

ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸು ಕಂಬಿ ಹಿಡಿಯಲು ಕೈಯೆತ್ತಿದಳು, ಹಸಿರು ಬಳೆಗಳು ಮೊಣಕೈವರೆಗೆ ಜಾರಿದವು, ನೋಡಬಾರದಿತ್ತು, ಕಿಟಕಿಯಾಚೆ ನೋಡಬೇಕು, ಹೆಬ್ಬಾಳದ ಕೆರೆ, ಫ್ಲೈಓವರ್ ಮೇಲೆ ನಿಂತೇ ಇರುವ ಕಾರುಗಳು — ಬೆಳಿಗ್ಗೆ ಮೆಡಿಕಲ್ ಕಾಲೇಜಿನ ಸೆಮಿನಾರ್ ಹಾಲಿನ ಪರದೆಯ ಮೇಲೆ ನಮ್ಮ ಸಂಶೋಧನೆ, ಅಲ್ಲಾಳಸಂದ್ರದ ಇನ್ನೂರು ಮನೆಗಳ ಬಿ.ಪಿ. ಸಮೀಕ್ಷೆ, ಸರಳಾ ಮೇಡಂ ಜೂನಿಯರ್‌ಗಳ ಕಡೆ ತಿರುಗಿ, ನಯನಾ ತುಂಬಿದ ಫಾರಂ ನೋಡಿ ಕಲೀರಿ, ಒಂದು ಕಾಲಮ್ಮೂ ಖಾಲಿ ಬಿಟ್ಟಿಲ್ಲ ಈ ಹುಡುಗಿ, ಚಪ್ಪಾಳೆ, ನಾನು ತಲೆ ತಗ್ಗಿಸಿದೆ, ನಾಚಿಕೆ ಎಂದುಕೊಂಡರು, ಯಾವಾಗಲೂ ಹಾಗೇ ಅಂದುಕೊಳ್ಳುತ್ತಾರೆ. ನಲವತ್ತಮೂರನೆಯ ಫಾರಂ. ಮುನಿಗಂಗಮ್ಮ, ಐವತ್ತೆಂಟು ವರ್ಷ, ಅವತ್ತು ಜಗುಲಿಯ ಮೇಲೆ ಹುರುಳಿಕಾಯಿ ನಾರು ತೆಗೆಯುತ್ತಿದ್ದವಳು ಸೆರಗಿಗೆ ಕೈ ಒರೆಸಿಕೊಂಡು, ಈ ರವಿಕೆ ತೋಳು ಬಿಗಿ ಕಣವ್ವ, ಪಟ್ಟಿ ಕಟ್ಟಕ್ಕಾಗಲ್ಲ, ಸಡಿಲದ್ದು ಆಕ್ಕೊಂಡು ಬತ್ತೀನಿ ಇರು, ಎಂದು ಒಳಗೆ ಹೋಗುತ್ತಾಳೆ, ಆಚೆ ಕಾಲೇಜಿನ ವ್ಯಾನು ಹಾರ್ನ್ ಹೊಡೆಯುತ್ತಿದೆ, ಕ್ಲಾಸಿನ ಯಶವಂತ್ ಅದರ ಕಿಟಕಿಯಿಂದ ತಲೆ ಹೊರಹಾಕಿ, ಬಾ ಮಗಾ ಹೊಟ್ಟೆ ಹಸೀತಿದೆ, ನೂರಿಪ್ಪತ್ತು ಎಂಬತ್ತು ಅಂತ ಬರ್ದಾಕು, ಊರಿಗೂರೇ ಆರೋಗ್ಯವಾಗಿರುತ್ತೆ, ಎಲ್ಲರೂ ನಕ್ಕರು, ಎಲ್ಲರೂ ನನಗಾಗಿ ಕಾಯುತ್ತಿದ್ದಾರೆ ಎಂಬುದೇ ನನಗೆ ತಡೆಯಲಾಗದ್ದು, ಬರೆದೆ, ನೂರಿಪ್ಪತ್ತು, ಅಡ್ಡಗೆರೆ, ಎಂಬತ್ತು, ದುಂಡಗಿನ ಅಕ್ಷರ. ಓಡಿ ವ್ಯಾನ್ ಹತ್ತಿ ತಿರುಗಿದರೆ ಹೊಸ್ತಿಲಲ್ಲಿ ಅವಳು, ಮಾಸಿದ ಸಡಿಲ ರವಿಕೆ, ಬಳೆ ಮೇಲೇರಿಸಿ ಬಲಗೈ ಚಾಚಿಕೊಂಡು, ಎಷ್ಟೈತವ್ವ? ನಾನು, ಮಾತೇ ಹೊರಡದ ನಾನು, ಆಗ ಮಾತ್ರ ಎಷ್ಟು ಸಲೀಸಾಗಿ, ಚೆನ್ನಾಗಿದೆ ಅಮ್ಮಾ. ಆ ದಿನದ ಡೈರಿಯಲ್ಲಿರುವುದು ಊಟಕ್ಕೆ ತಡವಾಯಿತು ಎಂದಷ್ಟೇ.

ನಾಲ್ಕು ತಿಂಗಳಿಗೆ ನಮ್ಮ ವಾರ್ಡಿನಲ್ಲಿ, ಮೂರನೇ ಹಾಸಿಗೆ, ಮುನಿಗಂಗಮ್ಮ, ಸ್ಟ್ರೋಕ್, ಬಲಭಾಗ ಬಿದ್ದುಹೋಗಿದೆ, ಬಾಯಿ ಸೊಟ್ಟ, ಮಗಳು ರಾಧಾಮಣಿ ಹೇಳುತ್ತಿದ್ದಾಳೆ, ತಲೆನೋವು ಅಂತಿತ್ತು ಮೇಡಂ, ಆಸ್ಪತ್ರೆಗೆ ಬಾ ಅಂದ್ರೆ ಕಾಲೇಜು ಹುಡುಗಿ ನೋಡಿ ಚೆನ್ನಾಗೈತೆ ಅಂದವಳೆ, ಸುಮ್ಕಿರು ಅಂತಿತ್ತು — ನನಗೇ ಹೇಳುತ್ತಿದ್ದಾಳೆ, ಮಾಸ್ಕ್ ಹಾಕಿದ ನನಗೆ. ಅವತ್ತು ಅಳೆದಿದ್ದರೆ ಎಷ್ಟಿರುತ್ತಿತ್ತೋ, ಸರಿಯಾಗಿಯೇ ಇತ್ತೇನೋ, ಅದನ್ನು ತಿಳಿಯಬಹುದಾಗಿದ್ದವಳು ಲೋಕದಲ್ಲಿ ನಾನೊಬ್ಬಳೇ, ನಾನು ತಿಳಿದುಕೊಳ್ಳಲಿಲ್ಲ. ಇವತ್ತು ಮೇಡಂ ಕೇಳಿದರಲ್ಲ, ಏನಾದ್ರೂ ಹೇಳ್ತೀಯೇನಮ್ಮ ನಯನಾ, ಎದ್ದು ನಿಂತೆ, ನಲವತ್ತಮೂರು ಎಂಬುದು ನಾಲಿಗೆಯ ತುದಿಯಲ್ಲೇ ಇತ್ತು, ಥ್ಯಾಂಕ್ಯೂ ಮೇಡಂ ಎಂದು ಕೂತೆ. ಅಲ್ಲಾಳಸಂದ್ರ ಯಾರ್ರೀ, ಬೇಗ ಇಳೀರಿ, ಕಂಡಕ್ಟರ್ ಕೂಗುತ್ತಾನೆ, ಬ್ಯಾಗಿನಲ್ಲಿ ಬಿ.ಪಿ. ಉಪಕರಣವಿದೆ, ವಾರ್ಡಿನಿಂದ ಅವಳನ್ನು ಕರೆದೊಯ್ದ ಆ ಮನೆಗೆ ಐದು ನಿಮಿಷದ ದಾರಿ, ಹೋಗಿ ಏನೆನ್ನಲಿ, ಅಮ್ಮಾ ಕೈ ಕೊಡಿ ಎನ್ನಲೇ, ಯಾವ ಕೈ, ಬಾಗಿಲು ಮುಚ್ಚಿತು, ಬಸ್ಸು ಹೊರಟಿತು, ಹೊಸ್ತಿಲು, ಸಡಿಲ ರವಿಕೆ, ಮೇಲೇರಿಸಿದ ಬಳೆ, ಇನ್ನೂ ಇಳಿಸದ ಆ ಬಲಗೈ