ಎರಡನೇ ನಂಬರಿನ ಟ್ರಾಮ್

ದೋಹಾದ ಅಲ್ ಸದ್ದ್‌ನಲ್ಲಿ ಸಂಸಾರ ಹೂಡಿ ವರ್ಷಗಳೇ ಆಗಿದ್ದರೂ ವತ್ಸಲಾ ಮತ್ತು ಮುದ್ದುಕೃಷ್ಣ ಇಬ್ಬರೇ ಎಲ್ಲಿಗೂ ಹೋದವರಲ್ಲ. ಮಗಳು ರಶ್ಮಿತಾ ಮೈಸೂರಿನಲ್ಲಿ ಕಾಲೇಜು ಸೇರಿದ ಮೇಲೆ, ನವೆಂಬರಿನಲ್ಲಿ, ಬುಡಾಪೆಸ್ಟ್‌ಗೆ ಹೊರಟರು. ಮುದ್ದುಕೃಷ್ಣ ದೋಹಾ ಪಕ್ಕದ ಲುಸೈಲ್‌ನಲ್ಲಿ ಪ್ಲಾನಿಂಗ್ ಎಂಜಿನಿಯರ್. ಕಟ್ಟಡಗಳಿಗೆ ವೇಳಾಪಟ್ಟಿ ಹಾಕಿ ಪಳಗಿದವನು ಪ್ರವಾಸಕ್ಕೂ ಒಂದನ್ನು ಹಾಕಿದ್ದ. ಬೆಳಿಗ್ಗೆ ಕೋಟೆ, ಮಧ್ಯಾಹ್ನ ಪಾರ್ಲಿಮೆಂಟ್ ಭವನ, ಆಮೇಲೆ ಹಳೆಯ ಮಾರ್ಕೆಟ್ಟು, ಸಂಜೆ ದೋಣಿ ವಿಹಾರ.

ಮಳೆ ಮಾತ್ರ ಅವನ ಮಾತು ಕೇಳಲಿಲ್ಲ. ಕೋಟೆಯ ಗುಡ್ಡ ಹತ್ತಿದರೆ ಕೆಳಗೆ ನದಿಯೂ ಇಲ್ಲ, ಊರೂ ಇಲ್ಲ, ಬರೀ ಮಂಜು. ಗಾಳಿಗೆ ಕೊಡೆ ಮಗುಚಿ ಕಡ್ಡಿ ಮುರಿಯಿತು. ಇವತ್ತು ದೋಣಿ ಬಿಡುವುದಿಲ್ಲವೆಂದು ಮೆಸೇಜೂ ಬಂತು. ತನ್ನದೇ ತಪ್ಪೆಂಬಂತೆ ಅವನ ಮುಖ ಸಣ್ಣದಾಯಿತು. ಪರವಾಗಿಲ್ಲ ಬಿಡಿ ಎಂದು ವತ್ಸಲಾ ಎಷ್ಟು ಹೇಳಿದರೂ ಸಮಾಧಾನವಿಲ್ಲ.

ನದಿಯ ದಂಡೆಗುಂಟ ಓಡುವ ಎರಡನೇ ನಂಬರಿನ ಹಳದಿ ಟ್ರಾಮ್ ಹತ್ತಿದರು. ಪಾರ್ಲಿಮೆಂಟ್ ಸ್ಟಾಪಿನಲ್ಲಿ ಮುದ್ದುಕೃಷ್ಣ ಮುಂದಾಗಿ ಇಳಿದ. ಹತ್ತುವವರ ನೂಕುನುಗ್ಗಲಿನಲ್ಲಿ ವತ್ಸಲಾ ಹಿಂದೆ ಉಳಿದಳು. ಬಾಗಿಲು ಮುಚ್ಚಿತು, ಟ್ರಾಮ್ ಹೊರಟೇಬಿಟ್ಟಿತು. ನೆನೆಯಬಾರದೆಂದು ಇಬ್ಬರ ಫೋನೂ ಅವನ ಜಾಕೆಟ್ಟಿನೊಳಗಿದ್ದವು.

ಅವಳು ಗಾಬರಿಯಿಂದ ಬಾಗಿಲು ಬಡಿದಳು, ತೆರೆಯಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು, ಹಳಿ ದಾಟಿ, ವಾಪಸ್ ಹೋಗುವ ಟ್ರಾಮ್ ಹತ್ತಿದಳು. ದಾರಿಯಲ್ಲಿ ಎದುರಿನಿಂದ ಬಂದ ಟ್ರಾಮಿನ ಒದ್ದೆ ಗಾಜಿನಾಚೆ ಗಂಡನೇ ಕಂಡ! ಎರಡೂ ಕೈ ಆಡಿಸಿ ಏನೋ ಹೇಳಿದ. ಇಳಿ ಎಂದನೋ, ಅಲ್ಲೇ ಇರು ಎಂದನೋ ತಿಳಿಯಲಿಲ್ಲ.

ಪಾರ್ಲಿಮೆಂಟ್ ಸ್ಟಾಪಿನಲ್ಲಿ ಇಳಿದು ಕಾದಳು. ಅಡ್ಡಮಳೆಗೆ ಸೆರಗು ತೊಪ್ಪೆಯಾಯಿತು, ಅವನು ಬರಲಿಲ್ಲ. ಆಗ ಅವಳಿಗೆ ಹೊಳೆಯಿತು: ಪ್ರಳಯವಾದರೂ ಈ ಮನುಷ್ಯ ಪ್ಲಾನ್ ಬಿಡುವವನಲ್ಲ, ಮುಂದಿನದು ಮಾರ್ಕೆಟ್ಟು, ಅಲ್ಲಿಗೇ ಬರುತ್ತಾನೆ. ಪಕ್ಕದಲ್ಲಿ ತರಕಾರಿ ತರುವ ಗಾಲಿಚೀಲ ಹಿಡಿದು ನಿಂತಿದ್ದ ಮುದುಕಿಯನ್ನು ಮಾರ್ಕೆಟ್ಟಿನ ದಾರಿ ಇಂಗ್ಲಿಷಿನಲ್ಲಿ ಕೇಳಿದಳು. ತಾನೂ ಅಲ್ಲಿಗೇ ಹೋಗುವವಳೆಂದು ಆಕೆ ಸನ್ನೆ ಮಾಡಿದಳು. ಹೆಸರು ಮಟಿಲ್ಡಾ.

ಮಾರ್ಕೆಟ್ಟಿನ ಒಳಗೆ ಬೆಚ್ಚಗಿತ್ತು. ಬ್ಯಾಡಗಿಯಂಥ ಕೆಂಪು ಮೆಣಸಿನಕಾಯಿಯ ಸರಗಳು ಅಂಗಡಿ ತುಂಬ ತೂಗುತ್ತಿದ್ದವು. ಮಾಂಸ ಬೇಡವೆಂದಾಗ ಮಟಿಲ್ಡಾ ಮಹಡಿಯ ಮೇಲೆ ಕರೆದೊಯ್ದು, ಬಟೂರೆಯಂತೆ ಉಬ್ಬಿದ, ಬೆಳ್ಳುಳ್ಳಿ ಸವರಿದ ಬಿಸಿ ಲಾಂಗೋಶ್ ಕೊಡಿಸಿದಳು. ಕಟಕಟೆಯ ಪಕ್ಕ ಕೂತು, ಕೆಳಗಿನ ಜನಜಂಗುಳಿ ನೋಡುತ್ತ, ವತ್ಸಲಾ ನಿಧಾನವಾಗಿ ತಿಂದಳು. ಯಲ್ಲಾ ಯಲ್ಲಾ ಎಂದು ಬೆನ್ನ ಹಿಂದೆ ಅವಸರಿಸುವವರಿಲ್ಲ. ಭಯ ಯಾವಾಗ ಇಳಿಯಿತೋ ಅವಳಿಗೇ ಗೊತ್ತಾಗಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಮೆಟ್ಟಿಲ ಬಳಿ ಮುದ್ದುಕೃಷ್ಣ ಕಾಣಿಸಿದ. ಜಾಕೆಟ್ಟಿನಿಂದ ನೀರು ಸೋರುತ್ತಿತ್ತು. ಅವಳನ್ನು ಕಂಡವನೇ ಕುರ್ಚಿ ಎಳೆದು ಕುಸಿದು ಕೂತ.

"ನೀನು ಟ್ರಾಮಲ್ಲೇ ಕೂತಿರ್ತೀಯ ಅಂದ್ಕೊಂಡೆ ಕಣೇ. ಬಂದ್ ಬಂದ ಟ್ರಾಮೆಲ್ಲ ಹತ್ತಿ ಹುಡುಕ್ದೆ. ಕೊನೆಗೆ ಇಲ್ಲೂ ನೋಡೋಣ ಅಂತ ಬಂದೆ."

"ಪಾರ್ಲಿಮೆಂಟ್ ಆದ್ಮೇಲೆ ಮಾರ್ಕೆಟ್ ಅಂತ ನೀವೇ ಅಲ್ವೇನ್ರೀ ಹಾಕಿದ್ದು?"

"ನಾನು ಪ್ಲಾನ್ ಮರ್ತೇಬಿಟ್ಟಿದ್ದೆ," ಎಂದ. ಹಾಗೆಂದವನು ತಾನೇ ನಗತೊಡಗಿದ. ವತ್ಸಲಾ ಸೆರಗಿನ ಒಣ ಭಾಗ ಹುಡುಕಿ ಅವನ ತಲೆ ಒರೆಸಿದಳು. ಅವನು ತಲೆ ಬಗ್ಗಿಸಿ ಕೊಟ್ಟ. ಮಟಿಲ್ಡಾ ಎದ್ದುಹೋಗಿ ಅವನಿಗೂ ಒಂದು ಬಿಸಿ ಲಾಂಗೋಶ್ ತಂದಿಟ್ಟಳು.

ಮುಂದೇನು ಎಂದು ವತ್ಸಲಾ ಕೇಳಿದಾಗ ಅವನು ಬಾಯಿ ತುಂಬಿಕೊಂಡೇ, "ಖಲಾಸ್. ನಾಳೆಯಿಂದ ನೀನು ಹೇಳ್ದಂಗೆ," ಎಂದ.

ಮರುದಿನವೂ ಮಳೆ ಬಿಡಲಿಲ್ಲ. ಇಬ್ಬರೂ ತಡವಾಗಿ ಎದ್ದು, ಮಟಿಲ್ಡಾ ಹೇಳಿದ್ದ ಬಿಸಿನೀರಿನ ಬುಗ್ಗೆಯ ಸ್ನಾನಗೃಹಕ್ಕೆ ಹೋದರು. ಬಯಲಲ್ಲೇ ದೊಡ್ಡ ಕೊಳ, ಮೇಲೆ ದಟ್ಟ ಹಬೆ. ಕತ್ತಿನವರೆಗೆ ಬಿಸಿನೀರು, ತಲೆಯ ಮೇಲೆ ತಣ್ಣನೆಯ ಮಳೆ. ಮುದ್ದುಕೃಷ್ಣ ಕಣ್ಣು ಮುಚ್ಚಿ ಕಂಬಕ್ಕೊರಗಿದ. ಹಸಿವಾಗುವವರೆಗೂ ಇಬ್ಬರೂ ಮೇಲೇಳಲಿಲ್ಲ.