ಕೂದಲಿಗೆ ಬಂದ ಬೋಗಾಣಿ

ನಮ್ಮ ಮನೆಯಲ್ಲಿ ಈಗ ಗ್ಯಾಸ್ ಸಿಲಿಂಡರ್ ಹನ್ನೊಂದು ದಿನ ಹೆಚ್ಚು ಬಾಳಿಕೆ ಬರುತ್ತದೆ. ಮೂವರಿದ್ದ ಮನೆ ಇಬ್ಬರದಾದರೆ ಅಷ್ಟು ಉಳಿಯುತ್ತದೆ. ಇದನ್ನು ನಾನು ಕೂತು ಲೆಕ್ಕ ಹಾಕಿದ್ದಲ್ಲ. ಸಿಲಿಂಡರ್ ಹಚ್ಚಿದ ದಿನ ಕ್ಯಾಲೆಂಡರಿನ ತಾರೀಖಿಗೆ ಸುತ್ತು ಹಾಕುವುದು ನನ್ನ ಇಪ್ಪತ್ತು ವರ್ಷದ ರೂಢಿ. ಮಗಳು ಶಾಂಭವಿ ಹೋದ ಮೇಲೂ ಕೈ ತನ್ನಷ್ಟಕ್ಕೆ ಸುತ್ತು ಹಾಕುತ್ತಲೇ ಇದೆ.

ಅಳವಂಡಿಯಲ್ಲಿ ಶಿವಲೀಲಾ ಎಂದರೆ ಯಾರೂ ಗುರುತು ಹಿಡಿಯಲಿಕ್ಕಿಲ್ಲ. ಕೈಬಿಗಿ ಶಿವಲೀಲಾ ಎಂದರೆ ಮನೆಯ ಬಾಗಿಲ ತನಕ ತಂದು ಬಿಡುತ್ತಾರೆ. ನಮ್ಮ ಮನೆಯ ಬೆಕ್ಕಿಗೂ ಸೋಮವಾರ ಉಪವಾಸ ಎಂದು ಓಣಿಯವರು ನಗುತ್ತಿದ್ದರು. ನಗಲಿ, ನನಗೇನು. ಬೇಳೆಯನ್ನು ನೆನೆಸದೆ ನಾನು ಒಲೆಗೆ ಇಟ್ಟವಳಲ್ಲ. ಸವೆದ ಸಾಬೂನನ್ನು ಹೊಸ ಸಾಬೂನಿನ ಬೆನ್ನಿಗೆ ಒತ್ತಿ ಅಂಟಿಸುತ್ತೇನೆ. ಹಾಲಿನ ಪಾಕೀಟನ್ನು ತೊಳೆದ ನೀರು ಚಹಾಕ್ಕೆ, ಅಕ್ಕಿ ತೊಳೆದ ನೀರು ಕರಿಬೇವಿನ ಗಿಡಕ್ಕೆ. ಟೂತ್‌ಪೇಸ್ಟಿನ ಕೊಳವೆಯನ್ನು ಕತ್ತರಿಸಿ ಇನ್ನೂ ನಾಲ್ಕು ದಿನ ದೂಡುತ್ತೇನೆ. ನನ್ನ ಗಂಡ ಉಮಾಪತಿ ಕೊಪ್ಪಳದ ಗೊಬ್ಬರದ ಅಂಗಡಿಯಲ್ಲಿ ದುಡಿದು ತರುವ ಪಗಾರದಲ್ಲಿ ನಮ್ಮದೇ ಎರಡು ಕೋಣೆಯ ಮನೆ ಎದ್ದು ನಿಂತದ್ದು ಹೀಗೆ.

ಎರಡು ವರ್ಷದ ಹಿಂದೆ ನಮ್ಮ ಮಹಿಳಾ ಸಂಘದವರು ನನ್ನನ್ನು ಎದ್ದು ನಿಲ್ಲಿಸಿ, ಮನೆಯಲ್ಲಿ ರೊಕ್ಕ ಉಳಿಸುವುದು ಹೇಗೆಂದು ಮಾತಾಡಿಸಿದರು. ಅಂದು ಎಲ್ಲರಿಗೂ ಹಿಡಿಸಿದ್ದು ಕೂದಲಿನ ಮಾತು. ಬಾಚಣಿಕೆಯಲ್ಲಿ ಬಂದ ಕೂದಲನ್ನು ಗಟಾರಕ್ಕೆ ಎಸೆಯಬೇಡಿರಿ, ಉಂಡೆ ಕಟ್ಟಿ ಕೈಚೀಲದಲ್ಲಿ ಇಡಿರಿ ಎಂದೆ. ಕೂದಲಿನ ಸುಭಾಷ್ ಮೋಟಾರ್ ಸೈಕಲ್ ಮೇಲೆ ಸ್ಟೀಲ್ ಪಾತ್ರೆ ಹೇರಿಕೊಂಡು ತಿಂಗಳಿಗೊಮ್ಮೆ ಬರುತ್ತಾನೆ. ಕೂದಲು ತೂಗಿ ಪಾತ್ರೆ ಕೊಡುತ್ತಾನೆ. ಆ ಕೂದಲು ಭಾಗ್ಯನಗರದ ಕಾರ್ಖಾನೆಗೆ ಹೋಗಿ, ಅಲ್ಲಿಂದ ಯಾವುದೋ ದೇಶದವರ ತಲೆಯ ಮೇಲೆ ಕೂರುತ್ತದೆ. ಹೆಂಗಸರು ಚಪ್ಪಾಳೆ ತಟ್ಟಿದರು. ಶಾಂಭವಿ ಹಿಂದಿನ ಸಾಲಿನಲ್ಲಿ ಕೂತು, ಮರ್ಯಾದೆ ಹೋಯಿತೆಂದು ಮುಖ ಮುಚ್ಚಿಕೊಂಡಿದ್ದಳು.

ಹೋದ ವರ್ಷ ಸಂಕ್ರಮಣದ ಹೊತ್ತಿಗೆ ಅವಳ ಕೂದಲು ಉದುರತೊಡಗಿತು. ಮೊದಲು ನಾಲ್ಕು ಎಳೆ, ಆಮೇಲೆ ಹಿಡಿ ಹಿಡಿ. ಅವಳು ಬಾಚಣಿಕೆ ಹಿಡಿದು ಅಡುಗೆಮನೆಗೆ ಬಂದಳು. "ಯವ್ವಾ, ಇಷ್ಟ ಉದುರಾಕತ್ಯಾವ ನೋಡು" ಎಂದಳು.

ನಾನು ನಕ್ಕೆ. "ಛಲೋ ಆತು ಬಿಡ. ಈ ಸಲ ದೊಡ್ಡ ಬೋಗಾಣಿ ತಗೊಳೂಣು" ಎಂದೆ.

ಮಂಡಿ ನೋಯುತ್ತದೆ ಎಂದಳು. ಪರೀಕ್ಷೆಗೆ ಓದಿ ದಣಿದಿದ್ದಾಳೆ ಎಂದುಕೊಂಡೆ. ಕೆನ್ನೆ ಕೆಂಪಾಗಿದ್ದಕ್ಕೆ ಬಿಸಿಲು ಎಂದೆ. ದಾಸವಾಳದ ಎಲೆ ಅರೆದು ತಲೆಗೆ ಹಚ್ಚಿದೆ, ಅದಕ್ಕೆ ಖರ್ಚಿಲ್ಲ. ಕೊಪ್ಪಳಕ್ಕೆ ಹೋಗಲು ಹೆಂಗಸರಿಗೆ ಬಸ್ಸು ಪುಕ್ಕಟೆ, ಆದರೆ ಡಾಕ್ಟರು ಬರೆದುಕೊಡುವ ಪರೀಕ್ಷೆಗಳು ಪುಕ್ಕಟೆಯಲ್ಲ. ಇವತ್ತು ನಾಳೆ ಎಂದು ತಳ್ಳಿದೆ. ಯುಗಾದಿಗೆ ಎಂಟು ದಿನ ಇರುವಾಗ ಸುಭಾಷ್ ಬಂದ. ಕೈಚೀಲ ತೂಗಿ, ಬಾಯಿಗೆ ಉಬ್ಬಿದ ಅಂಚಿದ್ದ ಮೂರು ಲೀಟರಿನ ಬೋಗಾಣಿ ಕೊಟ್ಟ. ಅಂಥದ್ದು ಓಣಿಯಲ್ಲಿ ಯಾರಿಗೂ ಬಂದಿರಲಿಲ್ಲ.

ಕಾರಹುಣ್ಣಿವೆಯ ಹೊತ್ತಿಗೆ ಅವಳ ಪಾದ ಬಾತವು. ಆಗ ಓಡಿದೆವು. ಡಾಕ್ಟರು ಉದ್ದನೆಯ ಹೆಸರೊಂದನ್ನು ಹೇಳಿದರು. ಮೈಯೇ ಮೈಯನ್ನು ತಿನ್ನುವ ರೋಗವಂತೆ, ಕಿಡ್ನಿಗೆ ಹೋಗಿ ಮುಟ್ಟಿತ್ತು. ಕೂದಲು ಯಾವಾಗಿನಿಂದ ಉದುರುತ್ತಿದೆ ಎಂದು ಕೇಳಿದರು. ಬೇರೆ ತಾಯಂದಿರು ನೆನಪಿಲ್ಲ ಎನ್ನಬಹುದಿತ್ತು. ನನಗೆ ನೆನಪಿತ್ತು. "ಸಂಕ್ರಮಣದಿಂದ್ರಿ. ಯುಗಾದಿ ಒಳಗ ಒಂದ ಚೀಲ ಆಗಿತ್ರಿ" ಎಂದೆ. ಅವರು ನನ್ನ ಮುಖ ನೋಡಿದರು. ಬರೆದುಕೊಂಡರು.

ಶ್ರಾವಣದಲ್ಲಿ ಶಾಂಭವಿ ತೀರಿಕೊಂಡಳು. ಹದಿನೇಳು ವರ್ಷ.

ಬಂದವರೆಲ್ಲ ಹಣೆಬರಹ ಎಂದರು. ನಾನು ಹೂಂ ಎಂದೆ. ಅವಳ ಕೂದಲು ನೋಡಿ ನಾನು ನಕ್ಕದ್ದು ಉಮಾಪತಿಗೆ ಮಾತ್ರ ಗೊತ್ತು. ಅವರು ಅದನ್ನು ಒಮ್ಮೆಯೂ ಎತ್ತಿ ಆಡಿಲ್ಲ, ಅದಕ್ಕೂ ನನಗೆ ಏನೂ ಅನಿಸುವುದಿಲ್ಲ. ಅಳು ಬರುವುದಿಲ್ಲ. ಹಸಿವಾದರೆ ಉಣ್ಣುತ್ತೇನೆ. ಆ ಬೋಗಾಣಿಯಲ್ಲಿ ದಿನಾ ಹಾಲು ಕಾಯಿಸುತ್ತೇನೆ. ಎಸೆಯಬೇಕು ಎಂದೂ ಅನಿಸಿಲ್ಲ, ಒಳ್ಳೆಯ ಪಾತ್ರೆ.

ಈ ವರ್ಷ ದೀಪಾವಳಿ ಕಳೆದು ಎರಡು ತಿಂಗಳಾಗಿತ್ತು. ಹಿಂದಿನ ಓಣಿಯ ದುರಗಮ್ಮ ನಮ್ಮ ಮನೆಯ ಕಟ್ಟೆಯ ಮೇಲೆ ಬಂದು ಕೂತಳು. ಹೊಲದ ಕೂಲಿಗೆ ಹೋಗುವವಳು, ಗಂಡನಿಲ್ಲ, ಒಂಬತ್ತನೇ ಇಯತ್ತೆಯಲ್ಲಿ ಓದುವ ಸುಮಂಗಲಾ ಒಬ್ಬಳೇ ಮಗಳು. ದುರಗಮ್ಮ ಸೆರಗಿನೊಳಗಿಂದ ಕೈಚೀಲ ತೆಗೆದಳು.

"ಅಕ್ಕಾರ, ಸಂಘದಾಗ ನೀವು ಹೇಳಿದ್ದು ಸುಳ್ಳಾಗಲಿಲ್ಲ ನೋಡ್ರಿ. ದೀಪಾವಳಿಗೆ ಚೀಲ ಖಾಲಿ ಇತ್ತು. ಈಗ ಇಷ್ಟ ಆಗೈತಿ."

ನಾನು ಚೀಲವನ್ನು ಕೈಯಲ್ಲಿ ಹಿಡಿದೆ. ಕೂದಲಿನ ತೂಕ ನನ್ನ ಕೈಗೆ ತಕ್ಕಡಿಯಷ್ಟೇ ಗೊತ್ತು. ಇದು ಇಬ್ಬರು ಹೆಂಗಸರಿಂದ ಎರಡು ತಿಂಗಳಲ್ಲಿ ಬರುವ ಕೂದಲಲ್ಲ.

"ಯಾರ್ದು?" ಎಂದೆ.

"ಎಲ್ಲಾ ನಮ್ಮ ಸುಮಿದೇ ರೀ. ಮುಟ್ಟಿದ್ರ ಕೈಯಾಗ ಬರ್ತಾವ." ಅವಳು ನಗುತ್ತಿದ್ದಳು.

ನಾನು ಚೀಲವನ್ನು ತಿರುಗಿ ಕೊಟ್ಟೆ. "ಗಂಟು ಸಡ್ಲ ಕಟ್ಟು, ಗಾಳಿ ಆಡದಿದ್ರ ಬೂಸಣಿ ಹಿಡೀತೈತಿ" ಎಂದೆ. ಅಷ್ಟೇ ಹೇಳಿದ್ದು. ಒಳಗೆ ಬಂದು ಬೇಳೆ ನೆನೆಹಾಕಿದೆ.

ರಾತ್ರಿ ಊಟಕ್ಕೆ ಕೂತಾಗ ಉಮಾಪತಿಗೆ ತಿಳಿಸಿದೆ. ಅವರು ತುತ್ತು ಕೆಳಗಿಟ್ಟರು. "ಹೇಳಬೇಕಿತ್ತು" ಎಂದರು. ತುತ್ತನ್ನು ಮತ್ತೆ ಎತ್ತುತ್ತ, "ಹೇಳಿದ್ರ ನಮ್ಮದೂ ಹೇಳಬೇಕಾಗ್ತೈತಿ" ಎಂದರು. ಅದು ನಿಜವೇ. ಉದುರಿದ ಕೂದಲಿಗೆ ನಾನು ಹೆದರುವುದು ಏಕೆಂದು ದುರಗಮ್ಮ ಕೇಳಿದರೆ ಎಲ್ಲವನ್ನೂ ಬಿಚ್ಚಬೇಕು. ಊರು ನನ್ನನ್ನು ಕೈಬಿಗಿ ಎಂದು ನಕ್ಕರೆ ತಡೆದುಕೊಂಡೇನು. ಇದನ್ನು ತಿಳಿದರೆ ಯಾರೂ ನಗುವುದಿಲ್ಲ. ನಾನು ಎರಡು ದಿನ ಸುಮ್ಮನಿದ್ದೆ. ನಾಚಿಕೆಯಾಗಿತ್ತು ಎಂದರೆ ಸುಳ್ಳು, ಅದೂ ಆಗಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಸುಭಾಷನ ಮೋಟಾರ್ ಸೈಕಲ್ ಹಿಂದಿನ ಓಣಿಗೆ ಹೋಯಿತು. ಹಿತ್ತಲಿನಿಂದ ಕಾಣುತ್ತಿತ್ತು. ಅವನು ಚೀಲ ತೂಗಿದ. ದುರಗಮ್ಮ ಒಂದು ಬೋಗಾಣಿಯನ್ನು ಎತ್ತಿ ಬಿಸಿಲಿಗೆ ಹಿಡಿದು, ತೂತು ಇದೆಯೇ ಎಂದು ನೋಡಿದಳು. ಮೂರು ಲೀಟರಿನದು, ಬಾಯಿಗೆ ಉಬ್ಬಿದ ಅಂಚು. ಸುಮಂಗಲಾ ಹೊಸ್ತಿಲ ಮೇಲೆ ತಲೆಗೆ ದುಪಟ್ಟಾ ಸುತ್ತಿಕೊಂಡು ಮಂಡಿ ಒತ್ತಿಕೊಳ್ಳುತ್ತಿದ್ದಳು. ಅವಳ ಎರಡೂ ಕೆನ್ನೆ ಕೆಂಪಗಿದ್ದವು.

ಒಳಗೆ ಬಂದೆ. ಒಲೆಯ ಮೇಲೆ ಹಾಲು ಏರುತ್ತಿತ್ತು. ನಾನು ಅದರ ಎದುರಿಗೇ ನಿಂತಿದ್ದೆ. ಹಾಲು ಉಬ್ಬಿ, ಅಂಚು ದಾಟಿ, ಕಟ್ಟೆಯ ಮೇಲೆಲ್ಲ ಹರಿದು ನೆಲಕ್ಕೆ ಇಳಿಯಿತು. ಇಪ್ಪತ್ತು ವರ್ಷದಲ್ಲಿ ನನ್ನ ಮನೆಯಲ್ಲಿ ಹಾಲು ಉಕ್ಕಿದ್ದು ಅದೇ ಮೊದಲು. ಉಳಿದದ್ದನ್ನೂ ಮೋರಿಗೆ ಸುರಿದೆ. ಬೋಗಾಣಿಯನ್ನು ತೊಳೆದು, ಬಗಲಲ್ಲಿ ಇಟ್ಟುಕೊಂಡು ಹೊರಟೆ.

ದುರಗಮ್ಮನ ಪಡಸಾಲೆಯಲ್ಲಿ ಅವಳ ಹೊಸ ಬೋಗಾಣಿಯ ಪಕ್ಕದಲ್ಲಿ ನನ್ನದನ್ನು ಇಟ್ಟೆ.

"ಅಯ್ಯ, ಥೇಟ್ ಒಂದೇ ನಮೂನಿ ಅದಾವಲ್ರಿ ಅಕ್ಕಾರ" ಎಂದಳು.

"ಇದು ಶಾಂಭವಿ ಕೂದ್ಲಕ್ಕ ಬಂದದ್ದು" ಎಂದೆ. "ಮೂರು ತಿಂಗಳು ಉದುರಿದ್ವು. ನಾ ನಕ್ಕೋತ ಚೀಲ ತುಂಬಿದೆ. ಮಂಡಿ ನೋವು ಅಂದ್ಳು, ಮಾರಿ ಕೆಂಪಾತು, ನಾ ದವಾಖಾನಿಗೆ ಒಯ್ಯಲಿಲ್ಲ. ರೊಕ್ಕ ಹೋಗ್ತೈತಿ ಅಂತ ಒಯ್ಯಲಿಲ್ಲ. ನಾಳೆ ಸುಮಿನ ಕರ್ಕೊಂಡು ಕೊಪ್ಪಳಕ್ಕ ನಡಿ."

ದುರಗಮ್ಮನ ಮುಖ ಬಿಗಿಯಾಯಿತು. ಮಗಳಿಗೆ ಒಳಗೆ ಹೋಗೆಂದು ಕೈಸನ್ನೆ ಮಾಡಿದಳು. "ನಿಮ್ಮ ಮನ್ಯಾಗ ಆಗಿದ್ದು ನಮ್ಮ ಮನಿಗೆ ಯಾಕ ತರ್ತೀರಿ? ನನ್ನ ಕೂಸಿಗೆ ಕೆಟ್ಟ ನುಡೀಬ್ಯಾಡ್ರಿ."

"ನುಡೀತೀನಿ. ಬೈಯಿ, ಬೇಕಾದ್ರ ಬಡಿ. ನಾಳೆ ಎಂಟರ ಬಸ್ಸು."

"ಟೆಸ್ಟಿಗೆ ರೊಕ್ಕ ಎಲ್ಲಿಂದ ತರ್ಲಿ?"

"ನನ್ನ ಹತ್ರ ಅದಾವ. ಭಾಳ ಉಳಿಸೀನಿ ನಾನು."

ಅವಳು ಬಹಳ ಹೊತ್ತು ಎರಡೂ ಪಾತ್ರೆಗಳನ್ನು ನೋಡುತ್ತ ಕೂತಳು. ಬರುತ್ತೇನೆ ಎನ್ನಲಿಲ್ಲ. ನಾನು ಬೋಗಾಣಿಯನ್ನು ಅಲ್ಲಿಯೇ ಬಿಟ್ಟು ಬಂದೆ.

ಮರುದಿನ ಬಸ್ ಸ್ಟ್ಯಾಂಡಿನಲ್ಲಿ ತಾಯಿ ಮಗಳು ನನಗಿಂತ ಮೊದಲೇ ಬಂದು ನಿಂತಿದ್ದರು. ಮೂವರ ಕೈಗೂ ಕಂಡಕ್ಟರು ಪುಕ್ಕಟೆ ಟಿಕೆಟು ಹರಿದುಕೊಟ್ಟ. ದುರಗಮ್ಮ ಮಗಳನ್ನು ಕರೆದುಕೊಂಡು ನನ್ನಿಂದ ದೂರದ ಸೀಟಿನಲ್ಲಿ ಕೂತಳು.

ಅದೇ ದವಾಖಾನೆ, ಅದೇ ಡಾಕ್ಟರು. ಅವರಿಗೆ ನನ್ನ ಗುರುತು ಸಿಗಲಿಲ್ಲ. ಸುಮಂಗಲಾಳ ಕೆನ್ನೆ, ಬೆರಳಿನ ಸಂದು, ಪಾದ ಎಲ್ಲವನ್ನೂ ಒತ್ತಿ ನೋಡಿದರು. ರಕ್ತ ಮತ್ತು ಮೂತ್ರದ ಪರೀಕ್ಷೆ ಬರೆದರು. ಆಮೇಲೆ ತಲೆಯೆತ್ತಿ, "ಕೂದ್ಲ ಯಾವಾಗಿಂದ ಉದುರಾಕತ್ಯಾವ?" ಎಂದು ಕೇಳಿದರು.

ದುರಗಮ್ಮ ನನ್ನ ಕಡೆ ನೋಡಿದಳು. "ದೀಪಾವಳಿ ಆದಮ್ಯಾಲಿಂದ್ರಿ. ಎರಡು ತಿಂಗಳು" ಎಂದೆ.

ರೊಕ್ಕ ಕಟ್ಟಿ, ಸಂಜೆಯ ತನಕ ಬೆಂಚಿನ ಮೇಲೆ ಕೂತೆವು. ರಿಪೋರ್ಟು ಬಂದಾಗ ಡಾಕ್ಟರು ಮತ್ತೆ ಒಳಗೆ ಕರೆದರು. ಅದೇ ಉದ್ದನೆಯ ಹೆಸರು. ದುರಗಮ್ಮ ನನ್ನ ಮೊಣಕೈ ಹಿಡಿದಳು. ಕಿಡ್ನಿಗೆ ಇನ್ನೂ ಏನೂ ಆಗಿಲ್ಲ, ಗುಳಿಗೆ ಬಹಳ ವರ್ಷ ತಪ್ಪದೆ ನುಂಗಬೇಕು, ಶಾಲೆಗೆ ಹೋಗಬಹುದು ಎಂದರು. ಚೀಟಿ ಬರೆಯುತ್ತ, ತಲೆಯೆತ್ತದೆ, "ಲಗೂನ ಕರ್ಕೊಂಡು ಬಂದೀರಿ. ಛಲೋ ಆತು" ಎಂದರು.

ದುರಗಮ್ಮ ಕೈ ಮುಗಿದಳು. ನಾನೂ ಮುಗಿದೆ. ಹೊರಗೆ ಬಂದು ಅದೇ ಬೆಂಚಿನ ಮೇಲೆ ಕೂತೆ. ಬಸ್ಸಿಗೆ ಹೊತ್ತಾಯಿತು, ಏಳ್ರಿ ಎಂದು ಸುಮಂಗಲಾ ನನ್ನ ಕೈ ಎಳೆಯುತ್ತಿದ್ದಳು. ನನಗೆ ಏಳಲು ಆಗಲಿಲ್ಲ.